ಒಂದು ಮುಹೂರ್ತದ ಸಾಧನೆ: ಭಕ್ತಿ, ಅಂತರಂಗ ಶುದ್ಧಿ ಮತ್ತು ಯೋಗಾಭ್ಯಾಸಕ್ಕೆ ಗೃಹಸ್ಥರ ಮಾರ್ಗದರ್ಶಿ

ಈ ಮಾರ್ಗದರ್ಶಿಯನ್ನು ಬರೆಯುತ್ತಿರುವವನು ಮಠದಲ್ಲಿರುವ ಸನ್ಯಾಸಿಯಲ್ಲ. ಚಿಕ್ಕಮಗಳೂರಿನಿಂದ ಸ್ವಲ್ಪ ದೂರದಲ್ಲಿ ಏಳು ಎಕರೆ ಕಾಫಿ ತೋಟ ನೋಡಿಕೊಂಡಿರುವ ಗೃಹಸ್ಥ. ಸುಮಾರು 24 ವರ್ಷಗಳಿಂದ ಬೆಳಗಿನ ಸಾಧನೆ ನಡೆಸಿಕೊಂಡು ಬಂದಿದ್ದೇನೆ; ಅದರ ನಡುವೆ ಎರಡು ಸಲ ತಿಂಗಳುಗಟ್ಟಲೆ ಬಿಟ್ಟೂ ಇದ್ದೇನೆ. ಕೆಲವು ವರ್ಷಗಳಿಂದ ಊರಿನ ಭಜನಾ ಮಂದಿರದಲ್ಲಿ ಭಾನುವಾರ ಬೆಳಿಗ್ಗೆ ಸೇರುವ ಹತ್ತು ಹನ್ನೆರಡು ಮಂದಿಗೆ ನನಗೆ ತಿಳಿದಷ್ಟನ್ನು ಹೇಳಿಕೊಡುತ್ತಿದ್ದೇನೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ಮನೆ, ತೋಟ, ಕಚೇರಿ, ಮಕ್ಕಳ ಶಾಲೆ ಇವೆಲ್ಲದರ ನಡುವೆ ಇರುವವರು ಹಿಡಿಯಬಹುದಾದ ಕ್ರಮವೊಂದನ್ನು ಇಲ್ಲಿ ಬರೆದಿದ್ದೇನೆ.

ಆಧ್ಯಾತ್ಮಿಕ ಜಾಗೃತಿ ಎಂಬ ಮಾತನ್ನು ನಾನು ತೀರ ಸರಳವಾದ ಅರ್ಥದಲ್ಲಿ ಬಳಸುತ್ತೇನೆ. ಸಿಟ್ಟು ಬಂದು ಹೋದ ಮೇಲೆ ಪಶ್ಚಾತ್ತಾಪ ಪಡುವುದು ಎಲ್ಲರಿಗೂ ಗೊತ್ತು; ಸಿಟ್ಟು ಏಳುತ್ತಿರುವಾಗಲೇ ಅದನ್ನು ಕಾಣುವಷ್ಟು ಎಚ್ಚರ ಒಳಗೆ ನೆಲೆಗೊಳ್ಳುವುದು, ಹಾಗೆ ಕಾಣುತ್ತಿರುವುದು ಯಾವುದು ಎಂಬ ಕಡೆಗೆ ಮನಸ್ಸು ತಾನಾಗಿ ತಿರುಗುವುದು, ಇದು ಜಾಗೃತಿಯ ಮೊದಲ ಮೆಟ್ಟಿಲು. ಇದಕ್ಕಿಂತ ಮೇಲಿನ ಮೆಟ್ಟಿಲುಗಳ ಬಗ್ಗೆ ಶಾಸ್ತ್ರಗಳು ವಿಸ್ತಾರವಾಗಿ ಹೇಳುತ್ತವೆ. ನಾನು ಹೇಳಬಲ್ಲದ್ದು ಕೆಳಗಿನ ಕೆಲವು ಮೆಟ್ಟಿಲುಗಳನ್ನಷ್ಟೇ.

ಮೊದಲ ಹಂತ: ಹೊತ್ತು ಮತ್ತು ಜಾಗ

ಬೆಳಗಿನ ನಾಲ್ಕಕ್ಕೆ ಏಳದಿದ್ದರೆ ಸಾಧನೆಯೇ ಆಗದು ಎಂಬ ಹೆದರಿಕೆಯಿಂದ ಅನೇಕರು ಆರಂಭಿಸುವುದೇ ಇಲ್ಲ. ಬ್ರಾಹ್ಮೀ ಮುಹೂರ್ತಕ್ಕೆ ಗಡಿಯಾರದ ನಾಲ್ಕು ಗಂಟೆಯೊಂದಿಗೆ ಸಂಬಂಧವಿಲ್ಲ. ಅದರ ಲೆಕ್ಕ ಸೂರ್ಯೋದಯದಿಂದ. ಒಂದು ಮುಹೂರ್ತವೆಂದರೆ ಎರಡು ಘಳಿಗೆ, ಅಂದರೆ 48 ನಿಮಿಷ. ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಆರಂಭವಾಗಿ 48 ನಿಮಿಷ ಮುಂಚೆ ಮುಗಿಯುವ ಅವಧಿಯೇ ಬ್ರಾಹ್ಮೀ ಮುಹೂರ್ತ. ನಮ್ಮ ಜಿಲ್ಲೆಯಲ್ಲಿ ಜನವರಿಯ ಕೊನೆಯ ಹೊತ್ತಿಗೆ ಸೂರ್ಯ ಹುಟ್ಟುವುದು ಸುಮಾರು 6 ಗಂಟೆ 54 ನಿಮಿಷಕ್ಕೆ. ಆಗ ಬ್ರಾಹ್ಮೀ ಮುಹೂರ್ತ ಬರುವುದು ಐದೂಕಾಲರಿಂದ ಆರರ ನಡುವೆ. ಜೂನ್ ಆರಂಭದಲ್ಲಿ ಸೂರ್ಯೋದಯ ಆರು ಗಂಟೆಯ ಆಸುಪಾಸಿಗೆ ಬರುವುದರಿಂದ ಅದು ನಾಲ್ಕೂವರೆಯ ಹತ್ತಿರಕ್ಕೆ ಸರಿಯುತ್ತದೆ. ಅಷ್ಟು ಬೇಗ ಏಳಲಾಗದವರು ಸೂರ್ಯೋದಯಕ್ಕೆ ಮುಂಚೆ ಕುಳಿತರೂ ಸಾಕು. ರಾತ್ರಿ ಹನ್ನೊಂದಕ್ಕೆ ಮಲಗಿ ನಾಲ್ಕೂವರೆಗೆ ಎದ್ದು ಜಪಸರ ಹಿಡಿದು ತೂಕಡಿಸುವುದಕ್ಕಿಂತ, ಆರಕ್ಕೆ ಎದ್ದು ಕಣ್ಣು ತೆರೆದು ಕೂರುವುದು ಮೇಲು. ಅತಿಯಾಗಿ ಮಲಗುವವನಿಗೂ ಯೋಗವಿಲ್ಲ, ಮಲಗದೆ ಇರುವವನಿಗೂ ಇಲ್ಲ ಎಂದು ಗೀತೆಯ ಆರನೆಯ ಅಧ್ಯಾಯವೇ ಹೇಳಿದೆ.

ಅವಧಿಯನ್ನು ಹೀಗೆ ಇಟ್ಟುಕೊಳ್ಳಿ. ಮೊದಲ 48 ದಿನ, ಅಂದರೆ ಒಂದು ಮಂಡಲ ಕಾಲ, ದಿನಕ್ಕೆ ಒಂದೇ ಘಳಿಗೆ: 24 ನಿಮಿಷ. ದೀಪ ಹಚ್ಚಿ ಪ್ರಾರ್ಥನೆಗೆ ನಾಲ್ಕು ನಿಮಿಷ, ಆಸನಗಳಿಗೆ ಹತ್ತು, ಜಪಕ್ಕೆ ಹತ್ತು. ಎರಡನೆಯ ಮಂಡಲದಿಂದ ಒಂದು ಮುಹೂರ್ತ: ಪ್ರಾರ್ಥನೆಗೆ ಐದು, ಆಸನಗಳಿಗೆ ಹದಿನೈದು, ಪ್ರಾಣಾಯಾಮಕ್ಕೆ ಎಂಟು, ಜಪಕ್ಕೆ ಹತ್ತು, ಧ್ಯಾನಕ್ಕೆ ಹತ್ತು. ಉತ್ಸಾಹ ಬಂದಿದೆಯೆಂದು ಮೊದಲ ವಾರದಲ್ಲೇ ಎರಡು ಗಂಟೆ ಕೂತವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಮೂರನೆಯ ತಿಂಗಳಲ್ಲಿ ಅವರಲ್ಲಿ ಒಬ್ಬರನ್ನೂ ಕಂಡಿಲ್ಲ. 48 ನಿಮಿಷದ ಈ ಅಳತೆ ನನ್ನ ಕಲ್ಪನೆಯಲ್ಲ. ಜೈನ ಶ್ರಾವಕರು, ಅಂದರೆ ಜೈನ ಗೃಹಸ್ಥರು, ಸಮಭಾವದಲ್ಲಿ ಕೂರುವ ಸಾಮಾಯಿಕವೆಂಬ ವ್ರತಕ್ಕೂ ಇದೇ ಒಂದು ಮುಹೂರ್ತದ ಅವಧಿ ಇದೆ.

ಜಾಗದ ವಿಷಯ ಚಿಕ್ಕದು. ದೇವರ ಮನೆ ಇದ್ದರೆ ಅಲ್ಲಿ, ಇಲ್ಲದಿದ್ದರೆ ಜಗಲಿಯ ಒಂದು ಮೂಲೆಯಲ್ಲಿ, ದಿನವೂ ಅದೇ ಸ್ಥಳದಲ್ಲಿ ಕುಳಿತರಾಯಿತು. ಮಳೆಗಾಲದಲ್ಲಿ ಮಲೆನಾಡಿನ ನೆಲ ಥಂಡಿ ಹಿಡಿಯುವುದರಿಂದ ಚಾಪೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಒಗೆದ ಬಟ್ಟೆ ಹಾಸಿಕೊಳ್ಳಿ. ಬೆಟ್ಟದ ಮೇಲೆ ಹೋಗಿ ಕುಳಿತರೆ ಹೆಚ್ಚು ಫಲ ಎಂದು ಭಾವಿಸಿ ಕತ್ತಲಲ್ಲೇ ಹೊರಡುವುದು ಬೇಡ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯವರಿಗೆ ಕಾಡಾನೆಯ ಕಾರಣದಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಮುಳ್ಳಯ್ಯನಗಿರಿಗೆ ವರ್ಷಕ್ಕೊಮ್ಮೆ ಹೋಗಿ ಬನ್ನಿ. ದಿನದ ಸಾಧನೆಗೆ ಮನೆಯ ಮೂಲೆಯೇ ಇರಲಿ.

ಎರಡನೆಯ ಹಂತ: ಭಕ್ತಿ

ಆಸನ, ಪ್ರಾಣಾಯಾಮಗಳಿಗಿಂತ ಮೊದಲು ಭಕ್ತಿಯನ್ನು ಇಟ್ಟದ್ದಕ್ಕೆ ಕಾರಣವಿದೆ. ಅಭ್ಯಾಸ ಯಾವಾಗ ಗಟ್ಟಿಯಾಗುತ್ತದೆ ಎಂಬುದಕ್ಕೆ ಪತಂಜಲಿಯ ಯೋಗಸೂತ್ರ ಮೂರು ಷರತ್ತುಗಳನ್ನು ಹೇಳುತ್ತದೆ: ದೀರ್ಘಕಾಲ ಮಾಡಬೇಕು, ನಡುವೆ ಬಿಡದೆ ಮಾಡಬೇಕು, ಆದರದಿಂದ ಮಾಡಬೇಕು. ಮೊದಲ ಎರಡನ್ನು ಛಲದಿಂದ ಸಾಧಿಸಬಹುದು. ಮೂರನೆಯದು ಛಲಕ್ಕೆ ಸಿಕ್ಕುವುದಿಲ್ಲ, ಪ್ರೀತಿಗೆ ಮಾತ್ರ ಸಿಕ್ಕುತ್ತದೆ. ಪ್ರೀತಿಯಿಲ್ಲದ ಶಿಸ್ತು ಕೆಲವು ತಿಂಗಳಲ್ಲಿ ಒಣಗಿ, ಬೇರೆಯವರ ಸೋಮಾರಿತನವನ್ನು ಲೆಕ್ಕ ಹಾಕುವ ಚಟವಾಗಿ ಮಾರ್ಪಡುತ್ತದೆ.

ಇಷ್ಟದೇವತೆಯನ್ನು ಆರಿಸುವುದು ಮೊದಲ ಕೆಲಸ. ಮನೆದೇವರು ಇದ್ದರೆ ಅದೇ ಸಾಕು, ಹೊಸದಾಗಿ ಹುಡುಕಬೇಕಾದ್ದಿಲ್ಲ. ಶೃಂಗೇರಿಯ ಶಾರದೆಯಾಗಲಿ, ಹೊರನಾಡಿನ ಅನ್ನಪೂರ್ಣೇಶ್ವರಿಯಾಗಲಿ, ಬೇಲೂರಿನ ಚೆನ್ನಕೇಶವನಾಗಲಿ, ಅಂಗೈಯಲ್ಲಿನ ಇಷ್ಟಲಿಂಗವಾಗಲಿ, ಯಾವ ರೂಪವನ್ನು ನೆನೆದಾಗ ಮನಸ್ಸು ತಾನಾಗಿ ಮೆತ್ತಗಾಗುತ್ತದೆಯೋ ಅದು ನಿಮ್ಮದು. ಒಮ್ಮೆ ಆರಿಸಿದ ಮೇಲೆ ಕನಿಷ್ಠ ಒಂದು ವರ್ಷ ಬದಲಿಸಬೇಡಿ. ಹತ್ತು ಕಡೆ ಐದೈದು ಅಡಿ ತೋಡಿದರೆ ಬಾವಿಯಾಗುವುದಿಲ್ಲ. ರೂಪದಲ್ಲಿ ಮನಸ್ಸು ನಿಲ್ಲದವರು ದೀಪದ ಜ್ವಾಲೆಯನ್ನೋ ಓಂಕಾರವನ್ನೋ ಹಿಡಿಯಬಹುದು. ಈಶ್ವರನನ್ನು ಸೂಚಿಸುವ ಶಬ್ದ ಪ್ರಣವ, ಅಂದರೆ ಓಂಕಾರ, ಎಂದು ಯೋಗಸೂತ್ರವೂ ಹೇಳುತ್ತದೆ.

ಭಾಗವತವು ಭಕ್ತಿಯ ಒಂಬತ್ತು ಬಗೆಗಳನ್ನು ಎಣಿಸುತ್ತದೆ: ಶ್ರವಣ, ಕೀರ್ತನ, ಸ್ಮರಣ, ಪಾದಸೇವನ, ಅರ್ಚನ, ವಂದನ, ದಾಸ್ಯ, ಸಖ್ಯ, ಆತ್ಮನಿವೇದನ. ಇವೆಲ್ಲವನ್ನೂ ಒಟ್ಟಿಗೆ ಮಾಡಲು ಹೋಗುವುದು ಬೇಡ. ದಿನಕ್ಕೆ ಒಂದು ಅರ್ಚನೆ, ಒಂದು ಸ್ಮರಣೆ. ವಾರಕ್ಕೆ ಒಂದು ಕೀರ್ತನೆ, ಒಂದು ಸೇವೆ. ಅರ್ಚನೆಯೆಂದರೆ ಒಂದು ಹೂವು, ಒಂದು ಲೋಟ ನೀರು, ಒಂದು ದೀಪ. ಎಲೆ, ಹೂವು, ಹಣ್ಣು, ನೀರು ಯಾವುದಾದರೂ ಸರಿ ಎಂದು ಗೀತೆಯಲ್ಲಿ ಇರುವಾಗ ಖರ್ಚಿನ ಮಾತೇ ಬರುವುದಿಲ್ಲ. ಸಂಸ್ಕೃತ ಬಾರದು ಎಂಬ ಅಳುಕೂ ಬೇಡ. ಚಿಕ್ಕಮಗಳೂರಿನ ಅಂಚಿನಲ್ಲೇ ಇರುವ ಹಿರೇಮಗಳೂರಿನ ಕೋದಂಡರಾಮ ದೇವಸ್ಥಾನದಲ್ಲಿ ಪೂಜೆ ಕನ್ನಡದಲ್ಲೇ ನಡೆಯುತ್ತದೆ.

ಜಪದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ತಪ್ಪುಗಳು ಹೆಚ್ಚಾಗಿ ಆಗುವುದು ಇಲ್ಲಿ. ಗುರುಗಳಿಂದ ಮಂತ್ರ ಪಡೆದವರು ಅದನ್ನೇ ಮಾಡಬೇಕು. ಪಡೆಯದವರು ಇಷ್ಟದೇವತೆಯ ಹೆಸರನ್ನೇ ನಾಮಜಪವಾಗಿ ಮಾಡಬಹುದು. 108 ಮಣಿಗಳ ಸರವನ್ನು ಬಲಗೈಯ ಮಧ್ಯದ ಬೆರಳಿನ ಮೇಲಿಟ್ಟು ಹೆಬ್ಬೆರಳಿನಿಂದ ಒಂದೊಂದೇ ಮಣಿಯನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು, ತೋರುಬೆರಳನ್ನು ತಾಗಿಸಬಾರದು, ಸರದ ಆರಂಭವನ್ನು ಗುರುತಿಸುವ ಮೇರುಮಣಿ ಬಂದಾಗ ಅದನ್ನು ದಾಟದೆ ಸರವನ್ನು ತಿರುಗಿಸಿಕೊಳ್ಳಬೇಕು. ಚಿಕ್ಕ ನಾಮವಾದರೆ ಒಂದು ಸರಕ್ಕೆ ಐದಾರು ನಿಮಿಷ ಹಿಡಿಯುತ್ತದೆ. ಮೊದಲ ಮಂಡಲದಲ್ಲಿ ಗಟ್ಟಿಯಾಗಿ ಕೇಳುವಂತೆ ವಾಚಿಕ ಜಪ, ಎರಡನೆಯದರಲ್ಲಿ ತುಟಿ ಮಾತ್ರ ಅಲುಗುವ ಉಪಾಂಶು, ಆಮೇಲೆ ಮಾನಸಿಕ. ಮಾನಸಿಕ ಜಪವೇ ಶ್ರೇಷ್ಠವೆಂದು ಕೇಳಿ ಮೊದಲ ದಿನವೇ ಅದಕ್ಕೆ ಇಳಿದವರ ಮನಸ್ಸು ಮೂರನೆಯ ಮಣಿಗೆ ಕಾಳುಮೆಣಸಿನ ಧಾರಣೆಯ ಹತ್ತಿರ ಇರುತ್ತದೆ. ಎಣಿಕೆಯನ್ನು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಆರಂಭದಲ್ಲಿ ಒಳ್ಳೆಯದು. ಅದನ್ನು ಇನ್ನೊಬ್ಬರಿಗೆ ತೋರಿಸಬೇಕೆನಿಸಿದ ದಿನ ಬರೆಯುವುದನ್ನು ನಿಲ್ಲಿಸಿ.

ಹರಕೆಯ ಬಗ್ಗೆ ಒಂದು ಮಾತು. ಕಷ್ಟದಲ್ಲಿ ಹರಕೆ ಹೊರುವುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನನ್ನ ತಾಯಿ ನನಗಾಗಿ ಹೊತ್ತ ಹರಕೆ ತೀರಿಸಲು ದೇವೀರಮ್ಮನ ಬೆಟ್ಟ ಹತ್ತಿದವನೇ ನಾನು. ಆದರೆ ಸಾಧನೆಯ 48 ನಿಮಿಷದೊಳಗೆ ಏನನ್ನೂ ಕೇಳಬಾರದು ಎಂಬ ನಿಯಮ ಇಟ್ಟುಕೊಳ್ಳಿ. ಬೇಡಿಕೆಗಳಿಗೆ ದಿನದ ಉಳಿದ ಹೊತ್ತಿದೆ. ವಾರಕ್ಕೊಮ್ಮೆಯ ಸೇವೆಯೂ ಹಾಗೆಯೇ, ಹೆಸರು ಬರದ ಕೆಲಸವಾಗಿರಲಿ: ಭಜನಾ ಮಂದಿರದ ಕಸ ಗುಡಿಸುವುದು, ಅನ್ನಸಂತರ್ಪಣೆಯಲ್ಲಿ ಬಡಿಸುವುದಕ್ಕಿಂತ ಎಲೆ ತೆಗೆಯುವುದು.

ಮೂರನೆಯ ಹಂತ: ದೇಹವನ್ನು ಅಣಿಗೊಳಿಸುವುದು

ನಮ್ಮದು ಕಾಫಿ ಕುಡಿಯದೆ ಕಣ್ಣು ಬಿಡದ ಜಿಲ್ಲೆ. ಸಾಧನೆಗೆ ಮುಂಚೆ ಕಾಫಿ ಬೇಡ, ಮುಗಿದು ಅರ್ಧ ಗಂಟೆಯಾದ ಮೇಲೆ ಕುಡಿಯಿರಿ. ಮೊದಲ ಒಂದು ವಾರ ತಲೆ ಹಿಡಿಯುತ್ತದೆ, ಆಮೇಲೆ ಸರಿಹೋಗುತ್ತದೆ. ಊಟವಾದ ಮೇಲೆ ಆಸನಕ್ಕೆ ಮೂರು ನಾಲ್ಕು ಗಂಟೆಯ ಅಂತರವಿರಲಿ. ಹಠಯೋಗದ ಗ್ರಂಥಗಳು ಹೇಳುವ ಮಿತಾಹಾರವೆಂದರೆ ಹೊಟ್ಟೆಯ ಅರ್ಧ ಅನ್ನ, ಕಾಲು ನೀರು, ಉಳಿದ ಕಾಲು ಖಾಲಿ. ಏನು ತಿನ್ನಬೇಕೆಂಬ ವಾದಕ್ಕೆ ಇಳಿಯುವ ಮುನ್ನ ಎಷ್ಟು ತಿನ್ನುತ್ತೇವೆ ಎಂಬುದನ್ನು, ವಿಶೇಷವಾಗಿ ರಾತ್ರಿಯ ಊಟವನ್ನು, ಒಂದು ಮಂಡಲ ಕಾಲ ಸರಿಪಡಿಸಿಕೊಂಡರೆ ಬೆಳಗಿನ ಜಡತೆ ಬಹುಪಾಲು ಇಳಿಯುತ್ತದೆ.

ಧೌತಿ, ಬಸ್ತಿ, ನೇತಿ, ತ್ರಾಟಕ, ನೌಲಿ, ಕಪಾಲಭಾತಿ ಎಂಬ ಷಟ್ಕರ್ಮಗಳಲ್ಲಿ, ಅಂದರೆ ಆರು ಶುದ್ಧಿಕ್ರಿಯೆಗಳಲ್ಲಿ, ಮನೆಯಲ್ಲಿ ಮಾಡಿಕೊಳ್ಳಬಹುದಾದದ್ದು ಮೂಗಿನ ಒಂದು ಹೊಳ್ಳೆಯಿಂದ ಉಪ್ಪುನೀರು ಬಿಟ್ಟು ಇನ್ನೊಂದರಿಂದ ಹೊರಹಾಕುವ ಜಲನೇತಿ, ಅದೂ ಶೀತ ಕಟ್ಟುವ ಪ್ರಕೃತಿಯವರಿಗೆ ವಾರಕ್ಕೆ ಒಂದೆರಡು ಸಲ. ಅರ್ಧ ಲೀಟರ್ ನೀರಿಗೆ 4.5 ಗ್ರಾಂ, ಅಂದರೆ ಸುಮಾರು ಮುಕ್ಕಾಲು ಟೀ ಚಮಚ ಉಪ್ಪು. ನೀರನ್ನು ಕಡ್ಡಾಯವಾಗಿ ಕುದಿಸಿ ಉಗುರುಬೆಚ್ಚಗೆ ಆರಿಸಿಕೊಳ್ಳಬೇಕು. ಕುಡಿಯಲು ಎಷ್ಟೇ ಸಿಹಿಯಾಗಿದ್ದರೂ ಅಬ್ಬಿ ನೀರನ್ನೋ ಬಾವಿ ನೀರನ್ನೋ ಹಾಗೆಯೇ ಮೂಗಿಗೆ ಬಿಡಬಾರದು. ಮುಗಿದ ಮೇಲೆ ಮುಂದಕ್ಕೆ ಬಾಗಿ ಮೆಲ್ಲಗೆ ಉಸಿರು ಬಿಟ್ಟು ಮೂಗನ್ನು ಒಣಗಿಸಿಕೊಳ್ಳಿ. ಉಳಿದ ಕ್ರಿಯೆಗಳನ್ನು ಎದುರಿಗೆ ನಿಂತು ಕಲಿಸುವವರಿಲ್ಲದೆ ಮುಟ್ಟಬೇಡಿ.

ಆಸನಕ್ಕೆ ಪತಂಜಲಿ ಕೊಡುವ ಲಕ್ಷಣ ಸ್ಥಿರವಾಗಿರಬೇಕು, ಸುಖವಾಗಿರಬೇಕು ಎಂಬುದು. ನಮ್ಮ ಉದ್ದೇಶ ಒಂದು ಮುಹೂರ್ತ ಬೆನ್ನು ನೆಟ್ಟಗೆ ಕುಳಿತುಕೊಳ್ಳಲು ಬರಬೇಕು ಎಂಬುದಷ್ಟೇ. ಆ ಉದ್ದೇಶಕ್ಕೆ ಬೇಕಾದ ಆಸನಗಳು ಕೆಲವೇ. ನಿಂತು ತಾಡಾಸನ, ಕಟಿಚಕ್ರಾಸನ, ಅರ್ಧಚಕ್ರಾಸನ. ಕುಳಿತು ವಕ್ರಾಸನ, ಪಶ್ಚಿಮೋತ್ತಾನಾಸನ. ಮಲಗಿ ಭುಜಂಗಾಸನ, ಪವನಮುಕ್ತಾಸನ. ಕೊನೆಗೆ ಮೂರು ನಿಮಿಷ ಶವಾಸನ. ಮುಂದಕ್ಕೆ ಬಾಗುವಾಗ ಉಸಿರು ಹೊರಗೆ, ಹಿಂದಕ್ಕೆ ಬಾಗುವಾಗ ಒಳಗೆ. ದಿನವಿಡೀ ತೋಟದಲ್ಲಿ ಬೆನ್ನು ಬಗ್ಗಿಸಿ ಕೆಲಸ ಮಾಡುವವರು ಮುಂದಕ್ಕೆ ಬಾಗುವವನ್ನು ಕಡಿಮೆ ಮಾಡಿ ಭುಜಂಗಾಸನಕ್ಕೆ ಹೆಚ್ಚು ಹೊತ್ತು ಕೊಡಲಿ. ಪದ್ಮಾಸನ ಬಾರದಿದ್ದರೆ ಸ್ವಸ್ತಿಕಾಸನ, ಅದೂ ಬಾರದಿದ್ದರೆ ಗೋಡೆಗೆ ಒರಗದೆ ಕುರ್ಚಿ. ಮಂಡಿ ನೋವಿನ ಹಿರಿಯರು ಹಟಕ್ಕೆ ಬಿದ್ದು ನೆಲದಲ್ಲಿ ಕುಳಿತು, ಹತ್ತು ನಿಮಿಷವೂ ದೇವರ ಬದಲು ಮಂಡಿಯನ್ನೇ ಧ್ಯಾನಿಸುವುದನ್ನು ನೋಡಿ ಈ ಮಾತು ಹೇಳುತ್ತಿದ್ದೇನೆ. ರಕ್ತದೊತ್ತಡ, ಕಣ್ಣಿನ ಗ್ಲಾಕೋಮಾ, ಕುತ್ತಿಗೆಯ ತೊಂದರೆ ಇರುವವರಿಗೆ ಶೀರ್ಷಾಸನ ಸಲ್ಲದು. ಗರ್ಭಿಣಿಯರು ಮತ್ತು ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ನಾಲ್ಕನೆಯ ಹಂತ: ಉಸಿರು

ಉಸಿರು ಅಲುಗಿದರೆ ಚಿತ್ತ ಅಲುಗುತ್ತದೆ, ಅದು ನಿಂತರೆ ಇದೂ ನಿಲ್ಲುತ್ತದೆ ಎಂಬುದು ಹಠಯೋಗ ಪ್ರದೀಪಿಕೆಯ ಮಾತು. ಅದನ್ನು ಕೇಳಿದೊಡನೆ ಉಸಿರನ್ನು ಬಲವಂತವಾಗಿ ನಿಲ್ಲಿಸಲು ಹೊರಡುವುದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದ್ದೇನೆ. ಆರಂಭದ ಮೂರನೆಯ ವರ್ಷ ಒಂದು ಶಿಬಿರದಲ್ಲಿ ನೂರಾರು ಜನರಿಗೆ ಒಟ್ಟಿಗೆ ರಭಸವಾಗಿ ಉಸಿರಾಡುವ ಭಸ್ತ್ರಿಕೆಯನ್ನೂ ಉಸಿರನ್ನು ಹಿಡಿದಿಡುವ ದೀರ್ಘ ಕುಂಭಕವನ್ನೂ ಕಲಿಸಿದರು. ಯಾರ ದೇಹಸ್ಥಿತಿ ಹೇಗಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಗೆ ಬಂದು ದಿನದಿಂದ ದಿನಕ್ಕೆ ಹೆಚ್ಚಿಸುತ್ತ ಹೋದೆ. ತಿಂಗಳು ಕಳೆಯುವಷ್ಟರಲ್ಲಿ ರಾತ್ರಿ ನಿದ್ದೆ ಹೋಯಿತು, ಎದೆ ಡವಡವ ಎನ್ನತೊಡಗಿತು, ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗತೊಡಗಿದೆ. ಅದನ್ನು ನಾನು ಶಕ್ತಿ ಏಳುತ್ತಿರುವ ಲಕ್ಷಣ ಎಂದುಕೊಂಡಿದ್ದೆ. ವೈದ್ಯರು ಅಳೆದು ನೋಡಿ ಅದು ರಕ್ತದೊತ್ತಡ ಎಂದರು. ಸಾಧನೆಯನ್ನು ಮೊದಲ ಸಲ ಬಿಟ್ಟದ್ದು ಆಗಲೇ.

ಆದ್ದರಿಂದ ನಾನು ಹೇಳಿಕೊಡುವುದು ಕುಂಭಕವಿಲ್ಲದ ನಾಡಿಶೋಧನ ಮಾತ್ರ. ಬಲ ಮೂಗನ್ನು ಹೆಬ್ಬೆರಳಿನಿಂದ ಮುಚ್ಚಿ ಎಡದಿಂದ ಉಸಿರು ತೆಗೆದುಕೊಳ್ಳಿ, ಉಂಗುರದ ಬೆರಳಿನಿಂದ ಎಡವನ್ನು ಮುಚ್ಚಿ ಬಲದಿಂದ ಬಿಡಿ, ಬಲದಿಂದಲೇ ತೆಗೆದುಕೊಂಡು ಎಡದಿಂದ ಬಿಡಿ. ಇದು ಒಂದು ಸುತ್ತು. ಪ್ರಾಣಾಯಾಮ ಆರಂಭಿಸಿದ ಮಂಡಲದಲ್ಲಿ ಒಳಗೆ ನಾಲ್ಕು ಎಣಿಕೆ, ಹೊರಗೆ ನಾಲ್ಕು. ಮುಂದಿನದರಲ್ಲಿ ಒಳಗೆ ನಾಲ್ಕು, ಹೊರಗೆ ಆರು. ಆಮೇಲೆ ಒಳಗೆ ನಾಲ್ಕು, ಹೊರಗೆ ಎಂಟು. ಉಸಿರಿನ ಸದ್ದು ಪಕ್ಕದಲ್ಲಿ ಕೂತವರಿಗೆ ಕೇಳಿಸಬಾರದು. ಏದುಸಿರು ಬಂತೆಂದರೆ ಎಣಿಕೆ ಹೆಚ್ಚಾಗಿದೆ ಎಂದರ್ಥ, ಹಿಂದಿನ ಅಳತೆಗೆ ಇಳಿಯಿರಿ. ಕೊನೆಗೆ ಐದು ಸಲ, ಉಸಿರು ಬಿಡುತ್ತ ದುಂಬಿಯಂತೆ ಝೇಂಕರಿಸುವ ಭ್ರಾಮರಿ ಮಾಡಿ ಸುಮ್ಮನೆ ಕುಳಿತುಕೊಳ್ಳಿ. ಭ್ರಾಮರಿಯ ನಂತರದ ಒಂದು ನಿಮಿಷದ ಮೌನವನ್ನು ಹಾಳುಮಾಡಬೇಡಿ. ಜಪಕ್ಕೆ ಅದಕ್ಕಿಂತ ಒಳ್ಳೆಯ ಬಾಗಿಲು ನನಗೆ ಇನ್ನೂ ಸಿಕ್ಕಿಲ್ಲ.

ಐದನೆಯ ಹಂತ: ಅಂತರಂಗ ಶುದ್ಧಿ

ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಹೋದರೆ, 57 ಅಡಿ ಎತ್ತರದ ಗೊಮ್ಮಟನ ಕಾಲುಗಳ ಪಕ್ಕದಲ್ಲಿ ಹುತ್ತಗಳು, ತೊಡೆ ತೋಳುಗಳನ್ನು ಸುತ್ತಿದ ಮಾಧವಿ ಬಳ್ಳಿ ಕಾಣುತ್ತವೆ. ಒಂದು ವರ್ಷ ಅಲುಗಾಡದೆ, ದೇಹದ ಹಂಗು ಬಿಟ್ಟು ನಿಲ್ಲುವ ಕಾಯೋತ್ಸರ್ಗದಲ್ಲಿ ನಿಂತದ್ದರ ಗುರುತು ಅದು. ನಮ್ಮ ಕಡೆ ಪ್ರಚಲಿತವಾಗಿರುವ ಕಥೆಯ ಪ್ರಕಾರ ಅಷ್ಟು ಕಠೋರ ತಪಸ್ಸಿನ ನಂತರವೂ ಬಾಹುಬಲಿಗೆ ಕೇವಲಜ್ಞಾನ, ಅಂದರೆ ಪೂರ್ಣಜ್ಞಾನ, ದೊರೆಯಲಿಲ್ಲ. ತಾನು ನಿಂತಿರುವುದು ಅಣ್ಣ ಭರತನ ನೆಲದ ಮೇಲೆ ಎಂಬ ಒಂದು ಮುಳ್ಳು ಒಳಗೆ ಉಳಿದುಕೊಂಡಿತ್ತು. ಭರತನೇ ಬಂದು ನಮಸ್ಕರಿಸಿದ ಮೇಲೆ ಅದು ಕಳಚಿತು. ಬಳ್ಳಿ ಹಬ್ಬುವಷ್ಟು ಹೊತ್ತು ನಿಂತವನಿಗೇ ಹೀಗಾದರೆ, ಹದಿನೈದು ನಿಮಿಷದ ಆಸನದಿಂದ ಒಳಗಿನ ಮುಳ್ಳು ತಾನಾಗಿ ಬಿದ್ದುಹೋಗುತ್ತದೆಂದು ನಾವು ನಂಬುವಂತಿಲ್ಲ. ಅದನ್ನು ಹುಡುಕಿ ತೆಗೆಯುವ ಪ್ರತ್ಯೇಕ ಕೆಲಸವಿದೆ, ಅದು ನಡೆಯುವುದು ಚಾಪೆಯ ಹೊರಗೆ.

ನನ್ನ ಮುಳ್ಳು ಸಿಕ್ಕಿದ್ದು ತಕ್ಕಡಿಯಲ್ಲಿ. ಕಾಫಿ ಕುಯ್ಲಿನ ಕಾಲದಲ್ಲಿ ಹಣ್ಣು ಕುಯ್ದವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುತ್ತೇವೆ. ಸಂಜೆ ಚೀಲ ತೂಗುವಾಗ 43 ಕಿಲೋ 600 ಗ್ರಾಂ ಬಂದರೆ ಪುಸ್ತಕದಲ್ಲಿ 43 ಎಂದು ಬರೆಯುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದಿತ್ತು, ನಾನೂ ಬರೆಯುತ್ತಿದ್ದೆ. ಯೋಗಸೂತ್ರ ಹೇಳುವ ನಡತೆಯ ಕಟ್ಟುಪಾಡುಗಳಾದ ಯಮಗಳಲ್ಲಿ ಮೂರನೆಯದು ಅಸ್ತೇಯ, ಕದಿಯದಿರುವುದು, ಎಂದು ಭಜನಾ ಮಂದಿರದಲ್ಲಿ ವಿವರಿಸಿದವನು ನಾನೇ. ಅದೇ ವಾರದ ಒಂದು ರಾತ್ರಿ, ದಿನವನ್ನು ಹಿಂದಕ್ಕೆ ನೆನೆಯುತ್ತ ಕುಳಿತಾಗ, ಆ 600 ಗ್ರಾಂ ಕಣ್ಣ ಮುಂದೆ ಬಂದು ನಿಂತಿತು. ಅಷ್ಟು ವರ್ಷಗಳ ಜಪದಲ್ಲಿ ಅದು ಕಾಣಿಸಿರಲಿಲ್ಲ. ಮಾರನೆಯ ದಿನದಿಂದ ಗ್ರಾಂ ಸಮೇತ ಬರೆಯತೊಡಗಿದೆ. ಹಿಂದಿನದನ್ನು ಲೆಕ್ಕ ಹಾಕಲಾಗದ್ದರಿಂದ ಆ ವರ್ಷದ ಕೊನೆಗೆ ಎಲ್ಲರಿಗೂ ಒಂದು ವಾರದ ಕೂಲಿಯನ್ನು ಹೆಚ್ಚುವರಿಯಾಗಿ ಕೊಟ್ಟೆ. ಏಕೆಂದು ಹೇಳಿಯೇ ಕೊಡಬೇಕಾಗಿ ಬಂದದ್ದು ಕೊಡುವುದಕ್ಕಿಂತ ಕಷ್ಟವಾಗಿತ್ತು.

ಹೀಗೆ ಹಿಂದಕ್ಕೆ ನೆನೆಯುವ ಕ್ರಮಕ್ಕೆ ಜೈನರಲ್ಲಿ ಪ್ರತಿಕ್ರಮಣ ಎಂಬ ಹೆಸರಿದೆ. ಅವರ ಶಾಸ್ತ್ರೀಯ ವಿಧಿ ಬೇರೆಯೇ ಇದೆ. ನಾನು ಅದರಿಂದ ತೆಗೆದುಕೊಂಡಿರುವುದು ಸರಳ ರೂಪ. ಮಲಗುವ ಮುನ್ನ ಹತ್ತು ನಿಮಿಷ ಕುಳಿತು, ಈಗಿನ ಕ್ಷಣದಿಂದ ಬೆಳಗಿನ ಕಡೆಗೆ ದಿನವನ್ನು ಹಿಂದುಮುಂದಾಗಿ ನೆನೆಯಿರಿ. ಎಲ್ಲಿ ಮನಸ್ಸು ಬೇಗ ಬೇಗ ದಾಟಲು ನೋಡುತ್ತದೆಯೋ ಅಲ್ಲಿ ನಿಲ್ಲಿ. ನಾನು ಏನು ಮಾಡಿದೆ, ಆಗ ನನಗೆ ಏನು ಬೇಕಾಗಿತ್ತು, ಅದರಿಂದ ಯಾರಿಗೆ ನೋವಾಯಿತು, ಈ ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು ಸಾಲಿನಲ್ಲಿ ಉತ್ತರ ಬರೆಯಿರಿ. ಕ್ಷಮೆ ಕೇಳಬೇಕಾದ ವ್ಯಕ್ತಿ ಇದ್ದರೆ ಮಾರನೆಯ ದಿನವೇ ಕೇಳಿ, ದೇವರ ಮುಂದೆ ಕೇಳಿ ಕೈತೊಳೆದುಕೊಳ್ಳಬೇಡಿ. ತನ್ನನ್ನು ತಾನೇ ಹಳಿದುಕೊಳ್ಳುತ್ತ ಕೂರುವುದೂ ಈ ಅಭ್ಯಾಸದ ಉದ್ದೇಶವಲ್ಲ. ಹತ್ತು ನಿಮಿಷ ಮುಗಿದೊಡನೆ ಪುಸ್ತಕ ಮುಚ್ಚಿ ಮಲಗಬೇಕು.

ಹಗಲಿನಲ್ಲಿ ಎರಡು ಸಾಧನಗಳು ಕೈಯಲ್ಲಿರಲಿ. ಒಂದು, ಯೋಗಸೂತ್ರ ಹೇಳುವ ನಾಲ್ಕು ಭಾವಗಳು: ಸುಖದಲ್ಲಿರುವವರ ಬಗ್ಗೆ ಮೈತ್ರಿ, ದುಃಖದಲ್ಲಿರುವವರ ಬಗ್ಗೆ ಕರುಣೆ, ಪುಣ್ಯವಂತರ ಬಗ್ಗೆ ಮುದಿತೆ ಎಂಬ ಸಂತೋಷ, ಕೆಡುಕರ ಬಗ್ಗೆ ಉಪೇಕ್ಷೆ. ಕರುಣೆಯೇ ಕಠಿಣವೆಂದು ತೋರಬಹುದು. ನನ್ನ ಅನುಭವದಲ್ಲಿ ಮೊದಲನೆಯದೇ ಕಠಿಣ. ನಮ್ಮ ಬಳ್ಳಿಗೆ ಸೊರಗು ರೋಗ ಬಂದ ವರ್ಷ ಪಕ್ಕದ ತೋಟದವರ ಮೆಣಸು ಒಳ್ಳೆಯ ಬೆಲೆಗೆ ಹೋದಾಗ ಮೈತ್ರಿ ಹುಟ್ಟುತ್ತದೆಯೇ ಎಂದು ನೋಡಿಕೊಳ್ಳಿ. ಮತ್ತೊಂದು ಪ್ರತಿಪಕ್ಷ ಭಾವನೆ: ಕೆಟ್ಟ ಯೋಚನೆ ಏಳುವಾಗ ಅದರೊಡನೆ ಕುಸ್ತಿಗೆ ಇಳಿಯದೆ, ಅದು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಕೊನೆಯವರೆಗೂ ನೆನೆದು, ಅದಕ್ಕೆ ಎದುರಾದ ಸಣ್ಣ ಕೆಲಸವೊಂದನ್ನು ಮಾಡುವುದು. ಯಾರ ಮೇಲೆ ಹೊಟ್ಟೆಕಿಚ್ಚು ಬಂದಿದೆಯೋ ಅವರ ಮನೆಗೆ ಹೋಗಿ ಮೆಣಸನ್ನು ಹೇಗೆ ಬೆಳೆದಿರಿ ಎಂದು ಕೇಳಿ ಬರುವುದು, ಉದಾಹರಣೆಗೆ. ನನಗೆ ಹೊಟ್ಟೆಕಿಚ್ಚು ತಗ್ಗಿತು, ಜೊತೆಗೆ ಬಸಿಗಾಲುವೆ ತೆಗೆಯುವ ಸರಿಯಾದ ಕ್ರಮವೂ ತಿಳಿಯಿತು.

ಬಿಡಬೇಕಾದ್ದನ್ನು ಹೇಳುವ ಯಮಗಳು, ಮಾಡಬೇಕಾದ್ದನ್ನು ಹೇಳುವ ನಿಯಮಗಳು ಒಟ್ಟು ಹತ್ತು. ಒಂದು ಮಂಡಲಕ್ಕೆ ಒಂದನ್ನು ಮಾತ್ರ ಹಿಡಿಯಿರಿ, ಅದನ್ನು ನಿಮ್ಮ ಕಸುಬಿನ ಒಂದು ನಿರ್ದಿಷ್ಟ ಕೆಲಸಕ್ಕೆ ಕಟ್ಟಿಹಾಕಿ. ಸತ್ಯ ಎಂದರೆ ಅಂಗಡಿಯವರಿಗೆ ಒಂದು, ಶಿಕ್ಷಕರಿಗೆ ಇನ್ನೊಂದು, ಸಂಬಂಧ ಮಾತನಾಡಲು ಹೋದವರಿಗೆ ಮತ್ತೊಂದು.

ಆರನೆಯ ಹಂತ: ಧ್ಯಾನ

ಮೊಬೈಲನ್ನು ಸಾಧನೆ ಮುಗಿಯುವವರೆಗೆ ಬೇರೆ ಕೋಣೆಯಲ್ಲಿಡಿ. ಇಂದ್ರಿಯಗಳನ್ನು ಒಳಕ್ಕೆ ಸೆಳೆದುಕೊಳ್ಳುವ ಪ್ರತ್ಯಾಹಾರದ ಮೇಲಿನ ಹಳೆಯ ವ್ಯಾಖ್ಯಾನಗಳು ಇಂದು ಬರೆಯಲ್ಪಟ್ಟಿದ್ದರೆ ಈ ವಾಕ್ಯದಿಂದಲೇ ಆರಂಭವಾಗುತ್ತಿದ್ದವೇನೋ. ಜಪ ಮುಗಿದ ಮೇಲೆ ಸರವನ್ನು ಕೆಳಗಿಟ್ಟು, ಕಣ್ಣು ಮುಚ್ಚಿ, ಇಷ್ಟದೇವತೆಯ ಪಾದಗಳನ್ನು ಹೃದಯದ ಭಾಗದಲ್ಲಿ ನೆನೆಯಿರಿ. ಇಡೀ ರೂಪ ಒಮ್ಮೆಗೇ ಬಾರದಿದ್ದರೆ ಪಾದವಷ್ಟೇ ಸಾಕು. ಮನಸ್ಸು ಹೊರಗೆ ಹೋಗುತ್ತದೆ. ಹೋದದ್ದು ಗೊತ್ತಾದ ತಕ್ಷಣ, ಬೈಯದೆ, ಮತ್ತೆ ಪಾದಕ್ಕೆ ತನ್ನಿ. ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ಹಿಂದಕ್ಕೆ ತರಬೇಕು ಎಂಬುದಷ್ಟೇ ಗೀತೆ ಹೇಳುವ ವಿಧಾನ. ಹತ್ತು ನಿಮಿಷದಲ್ಲಿ ನೂರು ಸಲ ತಂದವನು ನೂರು ಸಲ ಎಚ್ಚರಗೊಂಡಿದ್ದಾನೆ, ಆದ್ದರಿಂದ ಆ ದಿನವನ್ನು ಸೋತ ದಿನವೆಂದು ಬರೆದಿಡಬೇಡಿ. ನಿದ್ದೆ ಬಂದರೆ ಕಣ್ಣು ಅರ್ಧ ತೆರೆಯಿರಿ, ಅದಕ್ಕೂ ಹೋಗದಿದ್ದರೆ ಎದ್ದು ನಿಂತು ಜಪ ಮಾಡಿ.

ಕೆಲವು ತಿಂಗಳಾದ ಮೇಲೆ ಬೆಳಕು ಕಂಡಂತಾಗುವುದು, ಒಳಗೆ ನಾದ ಕೇಳಿದಂತಾಗುವುದು, ಕಾರಣವಿಲ್ಲದೆ ಕಣ್ಣೀರು ಬರುವುದು, ಮೈ ನವಿರೇಳುವುದು ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ. ಆದರೂ ಆಗದಿದ್ದರೂ ಕ್ರಮ ಒಂದೇ: ಗಮನಿಸಿ, ಪಾದಕ್ಕೆ ಹಿಂದಿರುಗಿ, ಯಾರಿಗೂ ಹೇಳಬೇಡಿ, ಗುರುಗಳೊಬ್ಬರ ಹೊರತು. ಸಿದ್ಧಿಗಳೇ ಸಮಾಧಿಗೆ ಅಡ್ಡಿ ಎಂದು ಪತಂಜಲಿ ಎಚ್ಚರಿಸಿರುವಾಗ ಈ ಸಣ್ಣಪುಟ್ಟ ಅನುಭವಗಳಿಗೆ ಹಬ್ಬ ಮಾಡುವುದು ಸಲ್ಲದು. ಆದರೆ ಹಲವು ರಾತ್ರಿ ನಿದ್ದೆಯೇ ಬಾರದಿದ್ದರೆ, ಕಿವಿಯಲ್ಲಿ ಅಪ್ಪಣೆ ಕೊಡುವ ಧ್ವನಿ ಕೇಳಿದರೆ, ಊಟ ಕೆಲಸ ಬೇಡವಾದರೆ, ಸಾಧನೆಯನ್ನು ಅಲ್ಲಿಗೇ ನಿಲ್ಲಿಸಿ ಮನೋವೈದ್ಯರನ್ನು ಕಾಣಬೇಕು. ಒಳಗೆ ಮಲಗಿರುವ ಶಕ್ತಿ ಎನ್ನಲಾಗುವ ಕುಂಡಲಿನಿಯ ಹೆಸರು ಹೇಳಿಕೊಂಡು ತಡಮಾಡಬಾರದು. ಒಂದು ವಾರದಲ್ಲಿ ಕುಂಡಲಿನಿ ಎಬ್ಬಿಸಿಕೊಡುತ್ತೇವೆಂದು ಹಣ ಕೇಳುವವರಿಂದಲೂ, ಬೇರೆ ಯಾರ ಬಳಿಯೂ ಹೋಗಕೂಡದೆನ್ನುವವರಿಂದಲೂ ದೂರವಿರಿ.

ಮುನ್ನಡೆಯನ್ನು ಅಳೆಯಲೇಬೇಕೆಂದಿದ್ದರೆ ಧ್ಯಾನದಲ್ಲಿ ಅಳೆಯಬೇಡಿ. ಆರು ತಿಂಗಳಿಗೊಮ್ಮೆ ಮನೆಯವರನ್ನು ಕೇಳಿ. ನನ್ನ ಹೆಂಡತಿ ಒಂಬತ್ತನೆಯ ವರ್ಷದಲ್ಲಿ ಹೇಳಿದ್ದು ಇಷ್ಟೇ: "ಈಗ ನೀವು ತಟ್ಟೆ ಕುಕ್ಕುವುದಿಲ್ಲ." ನಾನು ತಟ್ಟೆ ಕುಕ್ಕುತ್ತಿದ್ದೆ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ತಪ್ಪಿದ ದಿನಗಳು

ಜ್ವರ, ಸೂತಕ, ಮದುವೆ, ಪ್ರಯಾಣ, ಕುಯ್ಲು ಇವುಗಳ ನಡುವೆ ಸಾಧನೆ ತಪ್ಪಿಯೇ ತಪ್ಪುತ್ತದೆ. ಯೋಗಸೂತ್ರ ಎಣಿಸುವ ಒಂಬತ್ತು ಅಂತರಾಯಗಳಲ್ಲಿ, ಅಂದರೆ ಅಡ್ಡಿಗಳಲ್ಲಿ, ಮೊದಲನೆಯದೇ ವ್ಯಾಧಿ. ಬೆಳಿಗ್ಗೆ ತಪ್ಪಿದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಐದು ನಿಮಿಷ ಜಪ ಮಾಡಿ ಆ ದಿನವನ್ನು ಉಳಿಸಿಕೊಳ್ಳಿ. ಇಡೀ ದಿನ ತಪ್ಪಿದರೆ ಮಾರನೆಯ ದಿನ ಎರಡರಷ್ಟು ಮಾಡಲು ಹೋಗಬೇಡಿ, ಎಂದಿನಷ್ಟೇ ಮಾಡಿ. ಹದಿನೈದು ದಿನಕ್ಕಿಂತ ಹೆಚ್ಚು ತಪ್ಪಿದ್ದರೆ ಮತ್ತೆ ಒಂದು ಘಳಿಗೆಗೆ ಇಳಿದು, ನಾಲ್ಕು ನಿಮಿಷದ ಪ್ರಾರ್ಥನೆಯಿಂದ ಆರಂಭಿಸಿ, ಒಂದು ವಾರವಾದ ಮೇಲೆ ಮುಹೂರ್ತಕ್ಕೆ ಏರಿ. ನಮ್ಮ ಭಾನುವಾರದ ಗುಂಪಿನಲ್ಲಿ ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ, ಕುಯ್ಲು ಮುಗಿಯುವ ತನಕ, ಬೆಳಗಿನ ಒಂದು ಘಳಿಗೆಯನ್ನೂ ರಾತ್ರಿಯ ಹತ್ತು ನಿಮಿಷದ ನೆನಪನ್ನೂ ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಬಿಡುತ್ತೇವೆ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ತೋಟ ಬೆಳ್ಳಗಾಗುವ ಹೊತ್ತಿಗೆ ಪೂರ್ತಿ ಮುಹೂರ್ತಕ್ಕೆ ಮರಳಿರುತ್ತೇವೆ.